ದೊಡ್ಡವರ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುತ್ತವೆಯೇ? ಹಾರ್ಮೋನು ಮತ್ತು ಆಹಾರದ ಪಾತ್ರವೇನು?

ತಿಪಟೂರು ಮೇಷ್ಟ್ರು
ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಚರ್ಮದ ಕೋಶ, ರಕ್ತದ ಕೋಶ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ, ನರಕೋಶ ಮಾತ್ರ ವಿಭಜನೆಯಾಗುವುದಿಲ್ಲ ಎಂಬ ಪಾಠ ನಡೆಯುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಅಜ್ಜನಿಗೆಂದು ಮನೆಯಲ್ಲಿ ಒಂದು ಕ್ಯಾಪ್ಸೂಲ್ ಡಬ್ಬಿ ತಂದಿದ್ದಾರಂತೆ. ‘ಮಿದುಳಿನಲ್ಲಿ ಹೊಸ ನರಕೋಶ ಬೆಳೆಸುತ್ತದೆ’ ಎಂದು ಅದರ ಮೇಲೆ ಬರೆದಿದೆಯಂತೆ. ‘ಪುಸ್ತಕ ಸರಿಯೋ, ಡಬ್ಬಿ ಸರಿಯೋ, ಸರ್?’ ಎಂದು ಕೇಳಿದಳು. ಸೋಮವಾರ ಹೇಳುತ್ತೇನೆ ಎಂದಿದ್ದೇನೆ.

ಓದಲು ಕುಳಿತರೆ ಒಂದು ಲೇಖನ ಹುಟ್ಟುತ್ತವೆ ಎನ್ನುತ್ತದೆ, ಇನ್ನೊಂದು ಇಲ್ಲವೇ ಇಲ್ಲ ಎನ್ನುತ್ತದೆ. ಹಾರ್ಮೋನು, ಉಪವಾಸ, ಅರಿಶಿನ, ಮೀನು ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಮಕ್ಕಳಿಗೆ ಧೈರ್ಯವಾಗಿ ಹೇಳಬಹುದಾದದ್ದು ಏನಿದೆ? ಬಲ್ಲವರು ತಿಳಿಸಿ.

ಜೀವಕೋಶ
ಎರಡೂ ಪೂರ್ತಿ ಸರಿಯಲ್ಲ ಎಂದು ಹೇಳಿ, ಮೇಷ್ಟ್ರೇ. ಬಲಿತ ನರಕೋಶ ವಿಭಜನೆಯಾಗುವುದಿಲ್ಲ, ಪುಸ್ತಕದ ಆ ಮಾತು ನಿಜ. ಆದರೆ ಹುಟ್ಟಿದ ಮೇಲೂ ಮಿದುಳಿನ ಕೆಲವು ಮೂಲೆಗಳಲ್ಲಿ ಕಾಂಡಕೋಶಗಳು, ಅಂದರೆ ಮೂಲಕೋಶಗಳು, ಉಳಿದಿರುತ್ತವೆ. ಅವು ವಿಭಜನೆಯಾಗಿ ಹೊಸ ನರಕೋಶಗಳನ್ನು ಕೊಡುತ್ತವೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಡೆಂಟೇಟ್ ಜೈರಸ್ ಎಂಬ ಸಣ್ಣ ಪಟ್ಟಿ ಇದೆ. ಮುಖ್ಯವಾದ ಜಾಗ ಅದೇ.

ಇದನ್ನು ಮೊದಲು ಕಂಡವರು ಅಮೆರಿಕದ ಎಂಐಟಿಯಲ್ಲಿದ್ದ ಜೋಸೆಫ್ ಆಲ್ಟ್‌ಮನ್. 1965ರಲ್ಲಿ ಅವರು ಗೋಪಾಲ್ ದಾಸ್ ಜೊತೆ ಸೇರಿ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹುಟ್ಟಿನ ನಂತರವೂ ನರಕೋಶಗಳು ಹುಟ್ಟುತ್ತವೆ ಎಂದು ತೋರಿಸಿದರು. ಡಿಎನ್ಎ ತಯಾರಾಗುವಾಗ ಒಳಸೇರುವ ಥೈಮಿಡಿನ್‌ಗೆ ವಿಕಿರಣಶೀಲ ಗುರುತು ಹಚ್ಚಿ, ಆ ಗುರುತು ಯಾವ ಕೋಶಗಳಲ್ಲಿ ಸಿಗುತ್ತದೆ ಎಂದು ನೋಡಿದ್ದರು. ಎರಡು ದಶಕಕ್ಕೂ ಹೆಚ್ಚು ಕಾಲ ಆ ಕೆಲಸಕ್ಕೆ ಯಾರೂ ಬೆಲೆ ಕೊಡಲಿಲ್ಲ. ಮನುಷ್ಯರಲ್ಲಿ ಮೊದಲ ಸಾಕ್ಷಿ ಸಿಕ್ಕಿದ್ದು 1998ರಲ್ಲಿ, ಎರಿಕ್ಸನ್ ಮತ್ತು ಫ್ರೆಡ್ ಗೇಜ್ ಅವರ ತಂಡಕ್ಕೆ. ರೋಗದ ತಪಾಸಣೆಗೆಂದು ಅಂಥದೇ ಗುರುತು ರಾಸಾಯನಿಕ ಪಡೆದಿದ್ದ ಕ್ಯಾನ್ಸರ್ ರೋಗಿಗಳು ತೀರಿಕೊಂಡ ಮೇಲೆ ಅವರ ಮಿದುಳನ್ನು ಪರೀಕ್ಷಿಸಿದ್ದರು.

ಸಾಕ್ಷಿ ಎಲ್ಲಿ
ಜೀವಕೋಶ ಅವರು ಅರ್ಧ ಕಥೆಯನ್ನಷ್ಟೇ ಹೇಳಿದ್ದಾರೆ. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಅಲ್ವಾರೆಜ್ ಬುಯ್ಯಾ ಅವರ ತಂಡ ಅನೇಕ ಮಿದುಳುಗಳನ್ನು ನೋಡಿ, ಬಾಲ್ಯದಲ್ಲೇ ಹೊಸ ನರಕೋಶಗಳ ಸಂಖ್ಯೆ ಕುಸಿಯುತ್ತದೆ, ದೊಡ್ಡವರಲ್ಲಿ ಒಂದೂ ಕಾಣಲಿಲ್ಲ ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆಯಿತು. ಇವರೇನೂ ಈ ವಿಷಯದ ವಿರೋಧಿಗಳಲ್ಲ, ಪ್ರಾಣಿಗಳಲ್ಲಿ ಹೊಸ ನರಕೋಶದ ಅಧ್ಯಯನಕ್ಕೇ ಜೀವನ ಕೊಟ್ಟವರು. ಮಕ್ಕಳ ಮುಂದೆ ಈ ಭಾಗವನ್ನು ಬಿಡುವುದು ಸರಿಯಲ್ಲ.

ಜೀವಕೋಶ
ಬಿಡಬೇಕೆಂದು ನಾನು ಹೇಳಲಿಲ್ಲ. ಅದೇ ವರ್ಷ ನ್ಯೂಯಾರ್ಕ್‌ನ ಬೋಲ್ಡ್ರೀನಿ ತಂಡ 14ರಿಂದ 79 ವರ್ಷದವರೆಗಿನ 28 ಜನರ ಮಿದುಳು ನೋಡಿ, ಇಳಿವಯಸ್ಸಿನಲ್ಲೂ ಹೊಸ ನರಕೋಶಗಳಿವೆ ಎಂದಿತು. 2019ರಲ್ಲಿ ಮ್ಯಾಡ್ರಿಡ್‌ನ ಲೊರೆನ್ಸ್ ಮಾರ್ಟಿನ್ ತಂಡಕ್ಕೆ ಸಾವಿರಾರು ಎಳೆಯ ನರಕೋಶಗಳು ಕಂಡವು. ಆಲ್ಜೈಮರ್ ಇದ್ದವರಲ್ಲಿ ಅವುಗಳ ಸಂಖ್ಯೆ ಇಳಿದಿತ್ತು.

ತಂಡಕ್ಕೊಂದು ಫಲಿತಾಂಶ ಬರಲು ಕಾರಣವೂ ತಕ್ಕಮಟ್ಟಿಗೆ ಗೊತ್ತಾಗಿದೆ. ಎಳೆಯ ನರಕೋಶವನ್ನು ಗುರುತಿಸುವುದು ಡಬಲ್‌ಕಾರ್ಟಿನ್ ಎಂಬ ಪ್ರೊಟೀನಿನಿಂದ. ಸತ್ತ ಮೇಲೆ ಮಿದುಳು ಎಷ್ಟು ಹೊತ್ತು ಹಾಗೇ ಇತ್ತು, ಸಂರಕ್ಷಕ ದ್ರವದಲ್ಲಿ ಎಷ್ಟು ಕಾಲ ಮುಳುಗಿತ್ತು ಎಂಬುದರ ಮೇಲೆ ಅದರ ಗುರುತು ಉಳಿಯುತ್ತದೆ, ಇಲ್ಲವೇ ಅಳಿಸಿಹೋಗುತ್ತದೆ.

ಇನ್ನೊಂದು ದಾರಿ ಸ್ವೀಡನ್ನಿನ ಫ್ರೀಸೆನ್ ಅವರದು. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್–14 ಏರಿತು, ಪರೀಕ್ಷೆ ನಿಂತ ಮೇಲೆ ಇಳಿಯುತ್ತ ಬಂತು. ಕೋಶ ಹುಟ್ಟಿದ ವರ್ಷದ ಕಾರ್ಬನ್ ಅದರ ಡಿಎನ್ಎಯಲ್ಲಿ ಉಳಿದಿರುತ್ತದೆ. ಅದನ್ನು ಅಳೆದು 2013ರಲ್ಲಿ ಅವರು ಕೊಟ್ಟ ಅಂದಾಜು: ದೊಡ್ಡವರ ಒಂದೊಂದು ಹಿಪೊಕ್ಯಾಂಪಸ್‌ನಲ್ಲಿ ದಿನಕ್ಕೆ ಸುಮಾರು 700 ಹೊಸ ನರಕೋಶ. 2025ರಲ್ಲಿ ಅದೇ ಗುಂಪು ಒಂದೊಂದೇ ಕೋಶದ ಆರ್‌ಎನ್‌ಎ ಓದುವ ವಿಧಾನದಿಂದ, ವಿಭಜನೆಯಾಗುತ್ತಿರುವ ಮೂಲಕೋಶಗಳು ದೊಡ್ಡವರಲ್ಲೂ ಇವೆ ಎಂದು ತೋರಿಸಿದೆ. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ತೀರಾ ಕಡಿಮೆ.

ಸಾಕ್ಷಿ ಎಲ್ಲಿ
‘ಕೆಲವರಲ್ಲಿ ತೀರಾ ಕಡಿಮೆ’ ಎಂಬ ನಿಮ್ಮ ಕೊನೆಯ ಮಾತನ್ನು ಆ ಡಬ್ಬಿಯ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

ಬೆಳಗಾವಿಯ ಅಕ್ಕ
ಹಾರ್ಮೋನಿನ ವಿಷಯಕ್ಕೆ ಬನ್ನಿ. ನನಗೆ ಥೈರಾಯ್ಡ್ ಕಡಿಮೆ ಇದೆ. ಅದು ಗೊತ್ತಾಗುವ ಮೊದಲು ಮಾತಿನ ನಡುವೆ ಪದಗಳೇ ಸಿಗುತ್ತಿರಲಿಲ್ಲ. ಹಾಲು ಒಲೆಯ ಮೇಲಿಟ್ಟು ಮರೆಯುತ್ತಿದ್ದೆ. ವಯಸ್ಸಾಯಿತು ಎಂದು ಮನೆಯವರೆಲ್ಲ ಸುಮ್ಮನಾದರು. ಮಾತ್ರೆ ಶುರುವಾದ ಮೇಲೆ ಕೆಲವು ತಿಂಗಳಲ್ಲಿ ತಲೆ ತಿಳಿಯಾಯಿತು. ಇದಕ್ಕೂ ಹೊಸ ನರಕೋಶಕ್ಕೂ ಸಂಬಂಧವಿದೆಯೇ?

ಜೀವಕೋಶ
ಅಕ್ಕ, ನಿಮ್ಮ ಪ್ರಶ್ನೆಗೆ ನಮ್ಮ ದೇಶದಲ್ಲೇ ಮಾಡಿದ ಕೆಲಸವಿದೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿದಿತಾ ವೈದ್ಯ ಅವರ ತಂಡ 2005ರಲ್ಲಿ ಪ್ರಕಟಿಸಿದ್ದು. ಬೆಳೆದ ಇಲಿಗಳಲ್ಲಿ ಥೈರಾಯ್ಡ್ ಹಾರ್ಮೋನು ಇಳಿಸಿದಾಗ ಹೊಸ ಕೋಶಗಳು ಬದುಕುಳಿಯುವುದೂ, ನರಕೋಶವಾಗಿ ಬಲಿಯುವುದೂ ಕಡಿಮೆಯಾಯಿತು. ಹಾರ್ಮೋನನ್ನು ಸಹಜ ಮಟ್ಟಕ್ಕೆ ತಂದಾಗ ಎರಡೂ ಚೇತರಿಸಿಕೊಂಡವು. ಆದರೆ ಸಹಜಕ್ಕಿಂತ ಹೆಚ್ಚು ಹಾರ್ಮೋನು ಇದ್ದ ಇಲಿಗಳಲ್ಲಿ ಯಾವ ಹೆಚ್ಚಳವೂ ಕಾಣಲಿಲ್ಲ. ಈ ಕೊನೆಯ ಭಾಗ ಬಹಳ ಮುಖ್ಯ. ಕೊರತೆ ತುಂಬಿದರೆ ಲಾಭ, ಮೇಲೆ ಸುರಿದರೆ ಇಲ್ಲ.

ನಿಮ್ಮ ತಲೆ ತಿಳಿಯಾದದ್ದು ಹೊಸ ನರಕೋಶದಿಂದಲೇ ಎಂದು ಹೇಳಲು ಬರುವುದಿಲ್ಲ. ಇಡೀ ಮಿದುಳಿನ ಚಯಾಪಚಯವೇ ಆ ಹಾರ್ಮೋನಿನ ಮೇಲೆ ನಿಂತಿದೆ.

ಔಷಧಿ ಅಂಗಡಿ
ಥೈರಾಯ್ಡ್ ಮಾತು ಬಂದದ್ದರಿಂದ ಒಂದು ವಿಷಯ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಡೋಸ್ ಏರಿಸುತ್ತಲೇ ಇದ್ದರೂ ರಿಪೋರ್ಟ್ ಸರಿಹೋಗುತ್ತಿಲ್ಲ ಎನ್ನುವವರಲ್ಲಿ ಎಷ್ಟೋ ಮಂದಿ ಮಾತ್ರೆಯ ಬೆನ್ನಿಗೇ ಕಾಫಿ ಕುಡಿಯುವವರು.

ಹಕ್ಕಿ ನೋಡುವವ
ಹಾರ್ಮೋನು ಎಂದರೆ ನನಗೆ ನೆನಪಾಗುವುದು ಕ್ಯಾನರಿ ಹಕ್ಕಿ. ಮೇಷ್ಟ್ರೇ, ಮಕ್ಕಳಿಗೆ ಇದನ್ನು ಖಂಡಿತ ಹೇಳಿ. ಗಂಡು ಕ್ಯಾನರಿಯ ಮಿದುಳಿನಲ್ಲಿ ಹಾಡಿಗೆಂದೇ ಇರುವ ಭಾಗ ಸಂತಾನದ ಋತುವಿನಲ್ಲಿ ಹಿಗ್ಗುತ್ತದೆ, ಋತು ಮುಗಿದ ಮೇಲೆ ಕುಗ್ಗುತ್ತದೆ. ಸಾಮಾನ್ಯವಾಗಿ ಹೆಚ್ಚು ಹಾಡದ ಹೆಣ್ಣು ಹಕ್ಕಿಗೆ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಕೊಟ್ಟರೆ ಅದೂ ಗಂಡಿನ ಹಾಗೆ ಹಾಡತೊಡಗುತ್ತದೆ.

ಫರ್ನಾಂಡೊ ನಾಟೆಬಾಮ್ ಮತ್ತು ಸ್ಟೀವನ್ ಗೋಲ್ಡ್‌ಮನ್ 1983ರಲ್ಲಿ ಬೆಳೆದ ಹೆಣ್ಣು ಕ್ಯಾನರಿಗಳ ಮಿದುಳಿನಲ್ಲಿ ಹೊಸ ನರಕೋಶಗಳನ್ನು ಕಂಡರು. ಸೊಗಸಾದ ವಿಷಯವೇನೆಂದರೆ ಹಾರ್ಮೋನು ಕೊಡದ ಹಕ್ಕಿಗಳಲ್ಲೂ ಅವು ಹುಟ್ಟುತ್ತಿದ್ದವು. ಟೆಸ್ಟೋಸ್ಟಿರಾನ್ ಮಾಡುವ ದೊಡ್ಡ ಕೆಲಸ ಹುಟ್ಟಿದವನ್ನು ಉಳಿಸುವುದು ಎಂದು ಮುಂದೆ ತಿಳಿಯಿತು. ಅದು ಬಿಡಿಎನ್‌ಎಫ್ ಎಂಬ ಪೋಷಕ ಪ್ರೊಟೀನನ್ನು ಹೆಚ್ಚಿಸುತ್ತದೆ, ಆ ಪ್ರೊಟೀನು ಎಳೆಯ ಕೋಶಗಳನ್ನು ಸಾಯದಂತೆ ಕಾಯುತ್ತದೆ.

ಜೀವಕೋಶ
ಈ ಹುಟ್ಟು ಮತ್ತು ಉಳಿವಿನ ವ್ಯತ್ಯಾಸವನ್ನು ಎಲ್ಲರೂ ಗಮನಿಸಿ. ಬೀಜ ಮೊಳೆತರೆ ಸಾಲದು, ಸಸಿ ಬೇರೂರಬೇಕು. ಇಲಿಗಳಲ್ಲೂ ಹುಟ್ಟಿದ ಕೋಶಗಳಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಸಾಯುತ್ತವೆ. ಒಂದು ಆಹಾರ ಹುಟ್ಟನ್ನು ಹೆಚ್ಚಿಸಿತೇ, ಉಳಿವನ್ನು ಹೆಚ್ಚಿಸಿತೇ ಎಂದು ಕೇಳದೆ ಯಾವ ಅಧ್ಯಯನವನ್ನೂ ಓದಬೇಡಿ.

ಹೊಸಬ
ಹಾಗಾದರೆ ಮುಟ್ಟು ನಿಂತ ಮೇಲೆ ಹೆಂಗಸರಿಗೆ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಕೊಟ್ಟರೆ ನೆನಪು ಉಳಿಯಬೇಕಲ್ಲವೇ? ಹೆಣ್ಣು ಇಲಿಗಳಲ್ಲಿ ಈಸ್ಟ್ರೋಜೆನ್ ಏರಿದಾಗ ಹೊಸ ಕೋಶಗಳೂ ಹೆಚ್ಚುತ್ತವೆ ಎಂದು ಓದಿದ್ದೇನೆ.

ಡಾ. ಸಂಜೆ ಕ್ಲಿನಿಕ್
ಇಲಿಯ ಮಾತು ನಿಜ. 1999ರಲ್ಲಿ ಟಾನಾಪಾಟ್ ಮತ್ತು ಎಲಿಜಬೆತ್ ಗೂಲ್ಡ್ ತಂಡ ಅದನ್ನು ತೋರಿಸಿತು. ಆದರೆ ಆ ಏರಿಕೆ ತಾತ್ಕಾಲಿಕ. ಅಲ್ಲಿಂದ ಮನುಷ್ಯರಿಗೆ ನೇರವಾಗಿ ಹಾರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ದೊಡ್ಡ ಪ್ರಯೋಗವೊಂದು ಕಣ್ಣ ಮುಂದಿದೆ. 65 ದಾಟಿದ 4,532 ಮಹಿಳೆಯರಲ್ಲಿ ಅರ್ಧ ಜನಕ್ಕೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನು, ಉಳಿದವರಿಗೆ ಹುಸಿಮಾತ್ರೆ ಕೊಟ್ಟರು. 2003ರಲ್ಲಿ ಫಲಿತಾಂಶ ಬಂತು: ಹಾರ್ಮೋನು ಪಡೆದವರಲ್ಲಿ 40 ಮಂದಿಗೆ ಮರೆಗುಳಿತನ, ಹುಸಿಮಾತ್ರೆಯವರಲ್ಲಿ 21 ಮಂದಿಗೆ. ನೆನಪು ಉಳಿಯಲೆಂದು ಕೊಟ್ಟದ್ದು ಅಪಾಯವನ್ನು ದುಪ್ಪಟ್ಟು ಮಾಡಿತು.

ಐವತ್ತರ ಆಸುಪಾಸಿನಲ್ಲಿ ಮೈಬಿಸಿ, ನಿದ್ದೆಗೇಡು ತಡೆಯಲಾರದವರಿಗೆ ವೈದ್ಯರು ಹಾರ್ಮೋನು ಬರೆಯುವುದು ಬೇರೆ ಮಾತು. ಆ ಪ್ರಯೋಗವನ್ನು ನೋಡಿ ಯಾರೂ ಹೆದರಿ ನಿಲ್ಲಿಸಬೇಡಿ. ನೆನಪಿಗೆಂದು ಅರವತ್ತೈದರ ನಂತರ ಶುರುಮಾಡುವುದು ಸಲ್ಲದು, ಅಷ್ಟೇ.

ಒಂದೆಲಗ
ಎಲ್ಲರೂ ಹಾರ್ಮೋನು ಎನ್ನುತ್ತಿದ್ದೀರಿ. ನಮ್ಮ ಅಡುಗೆಮನೆಯನ್ನೂ ನೋಡಿ. ಮಲೆನಾಡಿನಲ್ಲಿ ಮಕ್ಕಳ ಪರೀಕ್ಷೆ ಬಂತೆಂದರೆ ಒಂದೆಲಗದ ತಂಬುಳಿ ಮಾಡುತ್ತೇವೆ. ಅರಿಶಿನ ಹಾಕದ ಸಾರು ನಮ್ಮಲ್ಲಿಲ್ಲ. ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಪ್ರತಿಯೊಂದಕ್ಕೂ ಅಮೆರಿಕದ ಒಪ್ಪಿಗೆ ಯಾಕೆ ಬೇಕು?

ಜೀವಕೋಶ
ಅಮೆರಿಕದ ಒಪ್ಪಿಗೆ ಬೇಡ, ನಮ್ಮ ಮಣಿಪಾಲದ ಕೆಲಸವನ್ನೇ ನೋಡೋಣ. ಅಲ್ಲಿನ ಅಂಗರಚನಾ ವಿಭಾಗದವರು ಎಳೆಯ ಇಲಿಗಳಿಗೆ ಒಂದೆಲಗದ ರಸ ಕೊಟ್ಟು ಹಿಪೊಕ್ಯಾಂಪಸ್ ಪರೀಕ್ಷಿಸಿದ್ದಾರೆ. ನರಕೋಶಗಳ ಕವಲುಗಳು ಹೆಚ್ಚಾಗಿದ್ದವು. ಇದ್ದ ಕೋಶಗಳು ಹೆಚ್ಚು ಕವಲೊಡೆದವು ಎಂಬುದು ಅದರ ಅರ್ಥ, ಹೊಸ ಕೋಶ ಹುಟ್ಟಿದವು ಎಂದಲ್ಲ. ಒಳ್ಳೆಯ ಫಲಿತಾಂಶವೇ, ಆದರೆ ಪ್ರಶ್ನೆ ಬೇರೆ.

ಅರಿಶಿನದ ಕರ್ಕ್ಯುಮಿನ್ ಬಗ್ಗೆ 2008ರ ಒಂದು ಅಧ್ಯಯನವಿದೆ. ಇಲಿಗಳಲ್ಲಿ ಹೊಸ ಕೋಶಗಳು ಹೆಚ್ಚಾದವು. ಅದೇ ಅಧ್ಯಯನದಲ್ಲಿ, ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ಮೂಲಕೋಶಗಳಿಗೆ ಕಡಿಮೆ ಪ್ರಮಾಣ ಹಾಕಿದಾಗ ಅವು ವೃದ್ಧಿಯಾದವು, ಹೆಚ್ಚು ಹಾಕಿದಾಗ ಸತ್ತವು. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇಕಡಾ 3ರ ಆಸುಪಾಸು, ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸಾರಿನ ಅರಿಶಿನದಿಂದ ತೊಂದರೆಯಿಲ್ಲ. ಸಾಂದ್ರೀಕರಿಸಿ ಡಬ್ಬಿಗೆ ತುಂಬಿದ್ದಕ್ಕೆ ಸಾರಿನ ಸಾಕ್ಷಿ ಹೊಂದುವುದಿಲ್ಲ.

ಒಂದೆಲಗ
ಡಬ್ಬಿಯನ್ನು ನಾನೂ ಒಪ್ಪುವುದಿಲ್ಲ. ಗದ್ದೆಯ ಬದುವಿನಲ್ಲಿ ಸಿಗುವುದನ್ನು ಒಣಗಿಸಿ ಪುಡಿಮಾಡಿ ಚಿನ್ನದ ಬೆಲೆಗೆ ಮಾರುತ್ತಾರೆ. ತಂಬುಳಿ ಬಿಡಿ ಎಂದು ಮಾತ್ರ ಹೇಳಬೇಡಿ.

ಜೀವಕೋಶ
ಖಂಡಿತ ಬಿಡಬೇಡಿ. ಮಜ್ಜಿಗೆ, ಸೊಪ್ಪು, ಜೀರಿಗೆ, ಎಲ್ಲ ಒಳ್ಳೆಯದೇ.

ಕಡಲತಡಿ
ಮೀನು? ಬಂಗುಡೆ, ಬೂತಾಯಿ ತಿನ್ನುವ ನಮಗೆ ಒಮೆಗಾ–3 ಧಾರಾಳವಾಗಿ ಸಿಗುತ್ತದೆ.

ಬೆಳಗಾವಿಯ ಅಕ್ಕ
ನಮ್ಮಲ್ಲಿ ಅಗಸಿ ಚಟ್ನಿಪುಡಿ ಇಲ್ಲದ ಊಟವಿಲ್ಲ. ಅದರಲ್ಲೂ ಒಮೆಗಾ–3 ಇದೆಯಲ್ಲ.

ಜೀವಕೋಶ
ಇಬ್ಬರೂ ಸರಿ, ಆದರೆ ಸಮ ಅಲ್ಲ. ಮೀನಿನಲ್ಲಿ ಮಿದುಳು ಬಳಸುವ ಡಿಎಚ್‌ಎ ಎಂಬ ಒಮೆಗಾ–3 ಕೊಬ್ಬು ನೇರವಾಗಿ ಇದೆ. ಇಲಿಗಳಲ್ಲಿ ಹೊಸ ನರಕೋಶಗಳನ್ನು ಹೆಚ್ಚಿಸಿದ್ದೂ ಅದೇ. ಅಗಸೆಯಲ್ಲಿರುವುದು ಎಎಲ್‌ಎ ಎಂಬ ಬೇರೆ ಬಗೆಯ ಒಮೆಗಾ–3, ನಮ್ಮ ದೇಹ ಅದರ ಸ್ವಲ್ಪ ಪಾಲನ್ನು ಮಾತ್ರ ಡಿಎಚ್‌ಎ ಮಾಡಿಕೊಳ್ಳುತ್ತದೆ. ಚಟ್ನಿಪುಡಿ ತಿನ್ನುತ್ತಲೇ ಇರಿ, ಬಂಗುಡೆಗೆ ಅದು ಬದಲಿಯಲ್ಲ.

ಡಾ. ಸಂಜೆ ಕ್ಲಿನಿಕ್
ಸಸ್ಯಾಹಾರಿಗಳಿಗೆ ಅದಕ್ಕಿಂತ ಮೊದಲು ಬಿ12 ನೋಡಿಸಿ ಎನ್ನುತ್ತೇನೆ. ಮರೆವು, ಕಾಲು ಜೋಮು, ನಡಿಗೆಯಲ್ಲಿ ತಡವರಿಕೆ ಎಂದು ಬರುವ ಹಿರಿಯರಲ್ಲಿ ಬಿ12 ತಳಕಂಡಿರುವುದನ್ನು ಮತ್ತೆ ಮತ್ತೆ ನೋಡುತ್ತೇನೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಅದು ಇಳಿಯುತ್ತದೆ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ತುಂಬಿಕೊಡಲು ಹೆಚ್ಚು ಖರ್ಚಿಲ್ಲ. ಇದನ್ನು ಬಿಟ್ಟು ದುಬಾರಿ ಕ್ಯಾಪ್ಸೂಲಿಗೆ ಹಣ ಹಾಕುವವರನ್ನು ಕಂಡರೆ ಸಂಕಟವಾಗುತ್ತದೆ.

ಏಕಾದಶಿ
ಉಪವಾಸದ ಬಗ್ಗೆ ಯಾರೂ ಮಾತಾಡಲಿಲ್ಲ.

ಸಾಕ್ಷಿ ಎಲ್ಲಿ
ಇಲಿಗಳಿಗೆ ಆಹಾರ ಕಡಿತ ಮಾಡಿದಾಗ ಹೊಸ ಕೋಶಗಳು ಹೆಚ್ಚು ಉಳಿದವು, ಬಿಡಿಎನ್‌ಎಫ್ ಏರಿತು. ಮಾರ್ಕ್ ಮ್ಯಾಟ್ಸನ್ ಅವರ ಗುಂಪು ಇದನ್ನು 2000ದ ಆಸುಪಾಸಿನಲ್ಲಿ ತೋರಿಸಿತು. ಆದರೆ ಇಲಿಯ ಬದುಕು ಎರಡು–ಮೂರು ವರ್ಷ. ಅದರ ಪಾಲಿಗೆ ಒಂದು ದಿನದ ಉಪವಾಸ ಬಹಳ ದೀರ್ಘ, ನಮಗೆ ಹಾಗಲ್ಲ. ಮೇಲಾಗಿ ಏಕಾದಶಿಯ ದಿನ ಸಾಬುದಾಣೆ ಖಿಚಡಿ, ಹುರಿದ ಆಲೂಗಡ್ಡೆ ತಿನ್ನುವುದನ್ನು ಆಹಾರ ಕಡಿತ ಎನ್ನಲಾಗದು.

ಏಕಾದಶಿ
ನಾನು ನಿರಾಹಾರ ಮಾಡುತ್ತೇನೆ, ಸ್ವಾಮಿ. ಮನಸ್ಸಿಗೆ ಹಿತವಿದೆ, ಅದಕ್ಕೆ ಇಲಿಯ ಪ್ರಮಾಣಪತ್ರ ಬೇಕಾಗಿಲ್ಲ.

ಡಾ. ಸಂಜೆ ಕ್ಲಿನಿಕ್
ಮಾಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ನಿರಾಹಾರ ಇರಬಾರದು. ಸಕ್ಕರೆ ದಿಢೀರನೆ ಕುಸಿದರೆ ಮಿದುಳಿಗೇ ಪೆಟ್ಟು.

ಜೀವಕೋಶ
ಹಾರ್ಮೋನು, ಆಹಾರ ಎಂದು ಎರಡು ಪ್ರತ್ಯೇಕ ವಿಷಯಗಳಾಗಿ ಮಾತಾಡುತ್ತಿದ್ದೇವೆ. ನನಗೆ ಅತಿ ಮುಖ್ಯವೆನಿಸುವುದು ಅವೆರಡೂ ಕೂಡುವ ಜಾಗ.

ಎಲಿಜಬೆತ್ ಗೂಲ್ಡ್ 1992ರಲ್ಲಿ ಒತ್ತಡದ ಹಾರ್ಮೋನು ತಯಾರಿಸುವ ಅಡ್ರಿನಲ್ ಗ್ರಂಥಿಯನ್ನು ಇಲಿಗಳಿಂದ ತೆಗೆದಾಗ ಡೆಂಟೇಟ್ ಜೈರಸ್‌ನಲ್ಲಿ ಹೊಸ ಕೋಶಗಳು ಹೆಚ್ಚಿದವು. ಒತ್ತಡದ ಹಾರ್ಮೋನು ಅವುಗಳನ್ನು ಅದುಮಿಡುತ್ತಿತ್ತು ಎಂದಾಯಿತು. ಮನುಷ್ಯರಲ್ಲಿ ಅದು ಕಾರ್ಟಿಸೋಲ್, ಇಲಿಗಳಲ್ಲಿ ಕಾರ್ಟಿಕೋಸ್ಟಿರಾನ್. 2006ರಲ್ಲಿ ಸ್ವೀಡನ್ನಿನ ಒಂದು ತಂಡ ಇಲಿಗಳಿಗೆ ಕೊಬ್ಬು ತುಂಬಿದ ಆಹಾರ ಕೊಟ್ಟಿತು. ಗಂಡು ಇಲಿಗಳಲ್ಲಿ ಹೊಸ ನರಕೋಶ ಕಡಿಮೆಯಾದವು, ಒತ್ತಡದ ಹಾರ್ಮೋನು ಏರಿತು. ಹೆಣ್ಣು ಇಲಿಗಳಲ್ಲಿ ಹಾಗಾಗಲಿಲ್ಲ. 2008ರಲ್ಲಿ ಸ್ಟ್ರನಹಾನ್ ಮತ್ತು ಮ್ಯಾಟ್ಸನ್ ತಂಡ ಸಕ್ಕರೆ ಕಾಯಿಲೆಯ ಇಲಿಗಳಲ್ಲಿ ಇದನ್ನು ಇನ್ನಷ್ಟು ಕೆದಕಿತು. ಹೊಸ ನರಕೋಶಗಳು ಕುಸಿದಿದ್ದವು. ರಕ್ತದ ಸಕ್ಕರೆಯನ್ನು ಮುಟ್ಟದೆ ಒತ್ತಡದ ಹಾರ್ಮೋನನ್ನು ಮಾತ್ರ ಸಹಜ ಮಟ್ಟದಲ್ಲಿಟ್ಟಾಗ ಅವು ಚೇತರಿಸಿಕೊಂಡವು.

ಅಂದರೆ ತಟ್ಟೆಯಲ್ಲಿ ಬಿದ್ದದ್ದು ಮಿದುಳಿಗೆ ತಲುಪುವುದು ಬಹುಮಟ್ಟಿಗೆ ಹಾರ್ಮೋನುಗಳ ಮೂಲಕವೇ. ಇನ್ಸುಲಿನ್, ಕಾರ್ಟಿಸೋಲ್, ಹಸಿವಿನ ಗ್ರೆಲಿನ್, ಎಲ್ಲವೂ ಅಲ್ಲಿಗೆ ಸುದ್ದಿ ಒಯ್ಯುತ್ತವೆ. ಒಂದು ಹಣ್ಣು, ಒಂದು ಬೇರು ಎಂದು ಹುಡುಕುವುದು ನನಗೆ ತಪ್ಪು ದಾರಿ ಎನಿಸುವುದು ಇದಕ್ಕೇ.

ಹಕ್ಕಿ ನೋಡುವವ
ಓಡುವಾಗಲೂ ಒತ್ತಡದ ಹಾರ್ಮೋನು ಏರುತ್ತದೆ. ಚಕ್ರದಲ್ಲಿ ಓಡಿದ ಇಲಿಗಳಲ್ಲಿ ಹೊಸ ನರಕೋಶ ದುಪ್ಪಟ್ಟಾದವು ಎಂದು 1999ರಲ್ಲೇ ಗೇಜ್ ತಂಡ ತೋರಿಸಿದೆಯಲ್ಲ. ನಿಮ್ಮ ವಾದಕ್ಕೆ ಇದು ಹೇಗೆ ಹೊಂದುತ್ತದೆ?

ಜೀವಕೋಶ
ಓಟದ ಜೊತೆಗೆ ಕೋಶಗಳ ಬೆಳವಣಿಗೆಗೆ ನೆರವಾಗುವ ಐಜಿಎಫ್–1, ಬಿಡಿಎನ್‌ಎಫ್ ಕೂಡ ಏರುತ್ತವೆ, ಅವು ಆ ಅದುಮುವಿಕೆಯನ್ನು ಮೀರುತ್ತವೆ. ಅದೂ ಎಲ್ಲ ಸ್ಥಿತಿಯಲ್ಲೂ ಅಲ್ಲ. 2006ರಲ್ಲಿ ಗೂಲ್ಡ್ ಅವರ ಗುಂಪೇ ತೋರಿಸಿದ ಹಾಗೆ, ಗುಂಪಿನಲ್ಲಿದ್ದ ಇಲಿಗಳಿಗೆ ಓಟದಿಂದ ಬೇಗ ಲಾಭವಾಯಿತು. ಒಂಟಿಯಾಗಿಟ್ಟ ಇಲಿಗಳಲ್ಲಿ ಅದು ತಡವಾಯಿತು. ಅಲ್ಲಿ ಅಡ್ಡಬಂದದ್ದು ಮತ್ತೆ ಒತ್ತಡದ ಹಾರ್ಮೋನು.

ಬೆಳಗಾವಿಯ ಅಕ್ಕ
ಒಂಟಿಯಾಗಿರುವ ಹಿರಿಯರ ಬಗ್ಗೆ ಯೋಚಿಸುವಂತಾಯಿತು. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುತ್ತಾರೆ, ಇಲ್ಲಿಗೆ ಡಬ್ಬಿ ಕಳಿಸುತ್ತಾರೆ.

ಸಾಕ್ಷಿ ಎಲ್ಲಿ
ಮನುಷ್ಯರ ಆಹಾರ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಮಿದುಳಿಗೆಂದೇ ರೂಪಿಸಿದ ‘ಮೈಂಡ್’ ಆಹಾರಕ್ರಮವನ್ನು ಅಮೆರಿಕದಲ್ಲಿ 604 ಹಿರಿಯರ ಮೇಲೆ ಮೂರು ವರ್ಷ ಪರೀಕ್ಷಿಸಿದರು. ಸೊಪ್ಪು, ಬೆರಿ ಹಣ್ಣು, ಕಾಳು, ಆಲಿವ್ ಎಣ್ಣೆ ಅದರಲ್ಲಿ ಮುಖ್ಯ. 2023ರಲ್ಲಿ ಬಂದ ಫಲಿತಾಂಶ: ಕ್ಯಾಲೊರಿ ಸ್ವಲ್ಪ ಇಳಿಸಿ ಎಂದಿನ ಊಟವನ್ನೇ ಮಾಡಿದವರಿಗೂ ಇವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನವರ ತೂಕ ಇಳಿದಿತ್ತು.

ಕೋಲಾರದವ
ನಮ್ಮ ಜಿಲ್ಲೆಯ ವಿಷಯವೂ ಇರಲಿ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ, ನೆನಪು, ರಕ್ತ, ಮಿದುಳಿನ ಸ್ಕ್ಯಾನ್ ಎಲ್ಲವನ್ನೂ ನೋಡುವ ಅಧ್ಯಯನ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಮಾಡುತ್ತಿದ್ದಾರೆ. ರಾಗಿಮುದ್ದೆ ತಿಂದು, ಹೊಲದಲ್ಲಿ ದುಡಿದ ಜನರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದು ಅಲ್ಲಿಂದಲೇ ಗೊತ್ತಾಗಬೇಕು.

ಒಂದೆಲಗ
ಇದು ಸರಿಯಾದ ಕೆಲಸ. ಬೆರಿ ಹಣ್ಣಿನ ಲೆಕ್ಕದಲ್ಲಿ ಮುದ್ದೆಯನ್ನು ತೂಗಲಾಗದು.

ಹೊಸಬ
ಮುದ್ದೆ ಅಗಿಯುವುದಿಲ್ಲ, ನುಂಗುತ್ತಾರೆ. ಮೆತ್ತನೆಯ ಆಹಾರ ಕೊಟ್ಟ ಇಲಿಗಳಲ್ಲಿ ಹೊಸ ಕೋಶ ಕಡಿಮೆ ಎಂದು ಎಲ್ಲೋ ಓದಿದ್ದೆ, ನಿಜವೇ?

ಜೀವಕೋಶ
ಜಪಾನಿನವರ ಅಧ್ಯಯನ, 2005ರದು. ನಿಜ. ಹುಟ್ಟಿನಿಂದ ಗಟ್ಟಿ ಕಾಳು ಕಡಿಯುವ ಪ್ರಾಣಿಯ ಮಾತದು. ಮುದ್ದೆಗೆ ಅನ್ವಯಿಸಬೇಡಿ. ಹಿರಿಯರ ಹಲ್ಲು ನೋಡಿಸುವುದಕ್ಕೆ ಬೇರೆ ಬೇಕಾದಷ್ಟು ಕಾರಣಗಳಿವೆ.

ತಿಪಟೂರು ಮೇಷ್ಟ್ರು
ಎಲ್ಲರಿಗೂ ಕೃತಜ್ಞತೆ. ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್, ಕ್ಯಾನರಿ, ಅಣುಬಾಂಬಿನ ಕಾರ್ಬನ್, ಇವಿಷ್ಟನ್ನು ಒಂದು ಅವಧಿಯಲ್ಲಿ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊದವರಿಗೆ ಏನೂ ಕಾಣಲಿಲ್ಲ ಎಂಬುದನ್ನೂ ಹೇಳುತ್ತೇನೆ. ಪುಸ್ತಕದ ವಾಕ್ಯ ಅಳಿಸಬೇಡಿ, ಪಕ್ಕದಲ್ಲಿ ‘ಬಲಿತ ನರಕೋಶ’ ಎಂದು ಬರೆದುಕೊಳ್ಳಿ ಎನ್ನುತ್ತೇನೆ. ಆ ಹುಡುಗಿಯ ಮನೆಯವರಿಗೆ ಡಬ್ಬಿಯ ಬಗ್ಗೆ ಏನು ಹೇಳಲಿ? ಅಜ್ಜನಿಗೆ ಹೃದಯದ ಮಾತ್ರೆಗಳೂ ನಡೆಯುತ್ತಿವೆಯಂತೆ.

ಡಾ. ಸಂಜೆ ಕ್ಲಿನಿಕ್
ಹಾಗಿದ್ದರೆ ಡಬ್ಬಿಯನ್ನೂ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿ ಅವರ ವೈದ್ಯರ ಬಳಿ ಒಯ್ಯಲು ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಸಾಂದ್ರ ಕರ್ಕ್ಯುಮಿನ್, ಗಿಂಕ್ಗೊ ಮರದ ಎಲೆಯ ಸಾರ ಮುಂತಾದವು ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಥೈರಾಯ್ಡ್, ಬಿ12, ಸಕ್ಕರೆ ಮೂರನ್ನೂ ಪರೀಕ್ಷಿಸಲಿ. ಕಿವಿ ಸರಿಯಾಗಿ ಕೇಳುತ್ತದೆಯೇ ಎಂದೂ ನೋಡಲಿ. ಕೇಳಿಸದೇ ಇದ್ದದ್ದನ್ನು ಮರೆತಿದ್ದಾರೆ ಎಂದುಕೊಳ್ಳುವ ಮನೆಗಳು ಬಹಳ ಇವೆ.

ಕೋಲಾರದವ
ಮೇಷ್ಟ್ರೇ, ಸಾಧ್ಯವಾದರೆ ಮಕ್ಕಳನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಹಿಪೊಕ್ಯಾಂಪಸ್ ಎಲ್ಲಿದೆ ಎಂದು ಅಲ್ಲಿಯವರನ್ನು ಕೇಳಿ ತಿಳಿದುಕೊಳ್ಳಲಿ.

ತಿಪಟೂರು ಮೇಷ್ಟ್ರು
ಬಹಳ ಒಳ್ಳೆಯ ಸಲಹೆ. ಶಾಲೆಯಿಂದ ಮೊದಲೇ ಪತ್ರ ಬರೆಯಬೇಕೇ?

ಕೋಲಾರದವ
ಬರೆಯಿರಿ. ಎಷ್ಟು ಮಕ್ಕಳು, ಯಾವ ತರಗತಿ ಎಂದು ತಿಳಿಸಿ, ಅವರು ಹೇಳಿದ ದಿನಕ್ಕೆ ಬಸ್ ಗೊತ್ತುಮಾಡಿ.